ಒಂಟೆಯ ಮುಂದಿನ ಕಾಲಾಳು

ಗವಿಪುರದ ನಮ್ಮ ಮನೆಯಲ್ಲಿ ಚದುರಂಗದ ಮಣೆಯನ್ನು ಎತ್ತಿ ಬೇರೆ ಕಡೆ ಇಡುವಂತಿರಲಿಲ್ಲ. ಅದು ನೆಲದಲ್ಲೇ ಇತ್ತು. ಅಪ್ಪ ನೆಲದ ಮೇಸ್ತ್ರಿ. ಬಸವನಗುಡಿ, ಚಾಮರಾಜಪೇಟೆಯ ದೊಡ್ಡ ಮನೆಗಳಿಗೆ ಸಿಮೆಂಟಿನಲ್ಲಿ ಕೆಂಪು ಪುಡಿ ಕಲಸಿ ನೆಲ ಹಾಕುವುದು, ಅದು ಗಟ್ಟಿಯಾಗುವ ಮೊದಲು ಕರಣೆಯಲ್ಲಿ ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡುವುದು ಅವನ ಕಸುಬು. ಊರವರ ನೆಲವೆಲ್ಲ ಒಂದೇ ಬಣ್ಣ. ನಮ್ಮದು ಮಾತ್ರ ಅಲ್ಲಿಲ್ಲಿ ಮಿಕ್ಕ ಪುಡಿಯಲ್ಲಿ ಆದದ್ದರಿಂದ ಮುಂದಿನ ಕೋಣೆ ಒಂದು ಕೆಂಪು, ನಡುಮನೆ ಇನ್ನೊಂದು ಕೆಂಪು. ಅಡುಗೆಮನೆಗೆ ಬರುವಷ್ಟರಲ್ಲಿ ಪುಡಿಯೇ ಮುಗಿದು ಬರೀ ಬೂದು ಸಿಮೆಂಟು. ಈ ವಿಷಯವನ್ನು ಅಮ್ಮ ಕೊನೆಯವರೆಗೂ ಮರೆಯಲಿಲ್ಲ, ನಮಗೂ ಮರೆಯಲು ಬಿಡಲಿಲ್ಲ.

ಮುಂದಿನ ಕೋಣೆಯ ನಡುವೆ ಅಪ್ಪ ಒಂದು ಚೌಕ ಬಿಟ್ಟುಕೊಂಡು, ದಾರ ಹಿಡಿದು ಗೆರೆ ಹಾಕಿ, ಕೆಂಪು ಒಂದು ಕಪ್ಪು ಒಂದರಂತೆ ಚದುರಂಗದ ಮನೆಗಳನ್ನು ಕೂರಿಸಿದ್ದ. ಬೆಳಿಗ್ಗೆ ಅಮ್ಮ ನೆಲ ಒರೆಸುವಾಗ ಮಣೆಯನ್ನೂ ಒರೆಸಿ ಮುಂದೆ ಹೋಗುತ್ತಿದ್ದಳು. ನೆಂಟರು ಬಂದರೆ ಅದರ ಮೇಲೆಯೇ ಚಾಪೆ, ಹಬ್ಬಕ್ಕೆ ಅದರ ಮೇಲೆಯೇ ಎಲೆ. ಬೇಸಿಗೆಯ ಮಧ್ಯಾಹ್ನ ನಾನೂ ತಮ್ಮ ರಮೇಶನೂ ಅದರ ಮೇಲೆ ಕೆನ್ನೆಯಿಟ್ಟು ಮಲಗುತ್ತಿದ್ದೆವು. ಕಪ್ಪು ಮನೆಯೇ ಹೆಚ್ಚು ತಣ್ಣಗಿರುತ್ತದೆ ಎಂದು ನಾನು, ಕೆಂಪು ಎಂದು ಅವನು. ಈ ಜಗಳ ತೀರ್ಮಾನವಾಗದೆ ಇಬ್ಬರಿಗೂ ನಿದ್ದೆ ಬರುತ್ತಿತ್ತು. ಈಗ ನನ್ನ ಮನೆಯಲ್ಲಿ ಎರಡು ಏಸಿ ಇದೆ. ಆ ಥರದ ನಿದ್ದೆ ಒಂದು ದಿನ ಬಂದರೂ ಸಾಕು ಅನ್ನಿಸುತ್ತದೆ.

ಸಂಜೆ ಅಪ್ಪ ಕೆಲಸದಿಂದ ಬಂದರೆ ನೇರ ಬಚ್ಚಲಿಗೆ. ಅವನ ಉಗುರಿನ ಸಂದಿಯಲ್ಲಿ, ಕಿವಿಯ ಹಿಂದೆ, ಹುಬ್ಬಿನಲ್ಲಿ ಎಲ್ಲ ಕಡೆ ಕೆಂಪು ಪುಡಿ. ಬಚ್ಚಲಿನಿಂದ ಹರಿಯುವ ನೀರು ಮೊದಲು ಕೆಂಪಗೆ, ಆಮೇಲೆ ಕಿತ್ತಳೆ, ಆಮೇಲೆ ನೀರಿನ ಬಣ್ಣ. ನೀರು ತಿಳಿಯಾದ ಮೇಲೆ ಅಮ್ಮ ಒಲೆಯ ಮೇಲಿನ ಎಸರಿಗೆ ರಾಗಿ ಹಿಟ್ಟು ಹಾಕುತ್ತಿದ್ದಳು. ಅವನು ಮೈ ಒರೆಸಿಕೊಂಡು ಬರುವುದಕ್ಕೂ ಮುದ್ದೆ ತಟ್ಟೆಗೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ಊಟವಾದ ಮೇಲೆ ತಗಡಿನ ಡಬ್ಬಿಯಿಂದ ಕಾಯಿಗಳು ಹೊರಬರುತ್ತಿದ್ದವು.

ಮಣೆ ನೆಲದಲ್ಲಿದ್ದ ಮೇಲೆ ಕೂರುವ ಜಾಗವೂ ಖಾಯಂ. ಒಬ್ಬರ ಬೆನ್ನು ಬೀದಿ ಬಾಗಿಲಿಗೆ, ಇನ್ನೊಬ್ಬರ ಬೆನ್ನು ಅಡುಗೆಮನೆಗೆ. ಬೀದಿ ಕಡೆಯವರಿಗೆ ಬಿಳಿ, ಅಡುಗೆಮನೆ ಕಡೆಯವರಿಗೆ ಕರಿ. ಬಂದವರನ್ನು ಬೀದಿ ಕಡೆ ಕೂರಿಸಬೇಕು, ಅಲ್ಲಿ ಗಾಳಿ ಬೆಳಕು ಚೆನ್ನಾಗಿರುತ್ತದೆ. ಬಿಳಿ ಕೊಟ್ಟು ಮೊದಲ ನಡೆಯನ್ನು ಅವರಿಗೆ ಬಿಡಬೇಕು. ಮನೆಯವರು ಕರಿ. ಇದು ಅಪ್ಪ ಮಾಡಿದ ಕಾನೂನು. ಪ್ರಪಂಚದಲ್ಲಿ ಬೇರೆ ಕಡೆ ಚೀಟಿ ಎತ್ತಿಯೋ ಕೈಮುಷ್ಟಿಯಲ್ಲಿ ಕಾಯಿ ಅಡಗಿಸಿಯೋ ಬಣ್ಣ ಆರಿಸುತ್ತಾರೆ ಎಂಬುದು ನನಗೆ ಕಾಲೇಜಿಗೆ ಹೋಗುವವರೆಗೂ ಗೊತ್ತಿರಲಿಲ್ಲ. ಈ ಕಾನೂನಿನಿಂದ ಅಪ್ಪನಿಗೂ ರಮೇಶನಿಗೂ ಒಂದು ಆಟವನ್ನೂ ಆಡಲಾಗಲಿಲ್ಲ. ಇಬ್ಬರೂ ಮನೆಯವರು, ಇಬ್ಬರೂ ಕರಿ.

ಅಪ್ಪನಿಗೆ ಆಟ ಕಲಿಸಿದವರು ಬಸವನಗುಡಿಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರ ಮನೆಗೆ ನೆಲ ಹಾಕುತ್ತಿದ್ದಾಗ ಒಂದು ಮಧ್ಯಾಹ್ನ ಅಪ್ಪ ಜಗಲಿಯಲ್ಲಿ ಬುತ್ತಿ ಬಿಚ್ಚಿದ್ದನಂತೆ. ಎದುರಿಗೆ ಆಡಲು ಯಾರೂ ಇಲ್ಲದ ಮೇಷ್ಟ್ರು ಮಣೆ ತಂದು ಅವನ ಮುಂದೆ ಇಟ್ಟರಂತೆ. ಕಲಿಸುವವರು ತಾವಾದ್ದರಿಂದ ಬಿಳಿ ತಾವು ಇಟ್ಟುಕೊಂಡು ಕರಿ ಅಪ್ಪನಿಗೆ ಕೊಟ್ಟರು. ನೆಲ ಮುಗಿಯುವ ಹೊತ್ತಿಗೆ ಅಪ್ಪನಿಗೆ ಆಟ ಬಂದಿತ್ತು. ಆ ಮನೆಯ ನಡುಮನೆಯ ನೆಲ ಅಂಗುಲ ಅಂಗುಲವೂ ಅಪ್ಪನ ಕೈಯದ್ದು. ಅದು ಒಣಗಿದ ಮೇಲೆ ಅವನು ಅದರ ಮೇಲೆ ಕಾಲಿಡಲಿಲ್ಲ, ಜಗಲಿಯವರೆಗೆ ಮಾತ್ರ. ಆಗಿನ್ನೂ ಮೇಷ್ಟ್ರ ತಾಯಿ ಇದ್ದರು, ಅವರ ಮಡಿ ಅವರದು. ಅಪ್ಪ ಇದನ್ನು ಯಾವತ್ತೂ ದೂರಿನ ಹಾಗೆ ಹೇಳಲಿಲ್ಲ, ಆ ಮನೆಗೆ ನಾಲ್ಕು ಕಿಟಕಿ ಇತ್ತು ಅನ್ನುವ ಹಾಗೆ ಹೇಳುತ್ತಿದ್ದ. ಆದರೆ ಮೇಷ್ಟ್ರಿಗೆ ಅದು ಚುಚ್ಚಿರಬೇಕು. ಅಪ್ಪನನ್ನು ಜಗಲಿಗೆ ಕರೆಯುವುದನ್ನು ಬಿಟ್ಟು, ಭಾನುವಾರ ಸಂಜೆ ಛತ್ರಿ ಹಿಡಿದು ತಾವೇ ನಮ್ಮ ಮನೆಗೆ ಬರತೊಡಗಿದರು.

ಮೊದಲ ದಿನ ಅಮ್ಮ ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲೇ ನಿಂತಳಂತೆ, ಕೊಡುವುದೋ ಬಿಡುವುದೋ ತಿಳಿಯದೆ. ಮೇಷ್ಟ್ರು ಆಟದಿಂದ ತಲೆಯೆತ್ತಿ ಕೈ ಚಾಚಿದರು.

“ತಣ್ಣಗಾಗತ್ತಲ್ಲಮ್ಮ, ಕೊಡಿ.”

ಅಷ್ಟೇ. ಆಮೇಲೆ ಮೇಷ್ಟ್ರಿಗೆ ನಮ್ಮ ಮನೆಯಲ್ಲಿ ಒಂದು ಲೋಟ ಮೀಸಲಾಯಿತು, ಕಂಠ ಸ್ವಲ್ಪ ನೆಗ್ಗಿದ್ದ ಹಿತ್ತಾಳೆ ಲೋಟ. ಅದನ್ನು ಬೇರೆ ಯಾರಾದರೂ ಮುಟ್ಟಿದರೆ ಅಮ್ಮ ಗದರುತ್ತಿದ್ದಳು.

ಇನ್ನು ಅಪ್ಪನ ಆಟದ ವಿಷಯ. ಬಿಳಿಯವರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತಾರೆ. ಕರಿಯವರೂ ಹಾಗೇ ನಡೆಸುತ್ತಾರೆ. ಆಗ ಬಿಳಿಯ ಕುದುರೆ ಹಾರಿ ಬಂದು ಕರಿಯ ಆ ಕಾಲಾಳಿನ ಮೇಲೆ ಕಣ್ಣು ಹಾಕುತ್ತದೆ. ಅದನ್ನು ಕಾಯಬೇಕು. ಬಲ್ಲವರು ಇಲ್ಲಿ ತಮ್ಮ ಕುದುರೆಯನ್ನು ಬಿಟ್ಟು ಕಾಯುತ್ತಾರೆ. ಅಪ್ಪ ಮಾತ್ರ ರಾಜನ ಪಕ್ಕದ ಒಂಟೆ ಇದೆಯಲ್ಲ, ಅದರ ಮುಂದಿನ ಕಾಲಾಳನ್ನು ಒಂದು ಮನೆ ಮುಂದಕ್ಕೆ ತಳ್ಳಿ ಕಾಯುತ್ತಿದ್ದ. ಕಾಲಾಳಿಗೆ ಕಾಲಾಳು ಕಾವಲು. ನೋಡಲು ಭದ್ರವಾಗಿಯೇ ಕಾಣುತ್ತದೆ. ಆದರೆ ಚದುರಂಗದಲ್ಲಿ ಇದಕ್ಕಿಂತ ಕೆಟ್ಟ ಕಾವಲು ಹುಡುಕಿದರೂ ಸಿಗುವುದು ಕಷ್ಟ. ರಾಜನ ಪಕ್ಕದ ಗೋಡೆಯನ್ನು ನಾವೇ ಕೆಡವಿಕೊಂಡ ಹಾಗೆ, ಸಾಲದ್ದಕ್ಕೆ ನಮ್ಮ ಇನ್ನೊಂದು ಕುದುರೆ ಬಂದು ನಿಲ್ಲಬೇಕಾದ ಜಾಗವೂ ಹೋಗುತ್ತದೆ. ಮೇಷ್ಟ್ರಿಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು.

“ಮೇಸ್ತ್ರಿ, ಆ ಕಾಲಾಳನ್ನ ಮುಟ್ಬೇಡಿ ಅಂತ ಎಷ್ಟು ಸಲ ಹೇಳ್ಲಿ? ಕುದುರೆ ಬಿಡಿ.”

“ಕುದುರೆ ಎಷ್ಟೊತ್ತು ಅಲ್ಲಿ ನಿಲ್ಲತ್ತೆ ಮೇಷ್ಟ್ರೇ? ಅದಕ್ಕೆ ಹತ್ತು ಕಡೆ ಕೆಲಸ. ದೊಡ್ಡ ಕೆಲಸ ಬಂದ್ರೆ ಇವನನ್ನ ಬಿಟ್ಟು ಹೊರಟ್ಹೋಗತ್ತೆ. ಇನ್ನೊಬ್ಬ ಕಾಲಾಳಾದ್ರೆ ಎಲ್ಲಿಗೆ ಹೋಗ್ತಾನೆ? ಅಲ್ಲೇ ಇರ್ತಾನೆ.”

“ಇದು ಆಟ ಮೇಸ್ತ್ರಿ. ಯೂನಿಯನ್ ಮೀಟಿಂಗ್ ಅಲ್ಲ.”

ಅಪ್ಪ ನಕ್ಕು ಅದೇ ಕಾಲಾಳನ್ನು ತಳ್ಳುತ್ತಿದ್ದ, ಮೇಷ್ಟ್ರು ತಲೆ ಅಲ್ಲಾಡಿಸಿ ಮುಂದಿನ ನಡೆ ಆಡುತ್ತಿದ್ದರು. ಕತ್ತಲಾಗುವವರೆಗೂ ಎಳೆದು ಎಳೆದು ಕೊನೆಗೆ ಅಪ್ಪ ಸೋಲುತ್ತಿದ್ದ. ಗೆದ್ದದ್ದೇ ಇಲ್ಲ ಎಂದಲ್ಲ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಗೆಲ್ಲುತ್ತಿದ್ದ. ಆ ದಿನ ಎರಡನೇ ಸಲ ಕಾಫಿ. ರಮೇಶನೂ ಅದೇ ನಡೆಯನ್ನು ಕಲಿತ. ಬೀದಿಯ ಹುಡುಗರಿಗೆಲ್ಲ ಅದನ್ನೇ ತೋರಿಸಿ ಎಲ್ಲರ ಕೈಲೂ ಸೋತು ಬರುತ್ತಿದ್ದ. ಯಾರಾದರೂ ಕೇಳಿದರೆ ಎದೆಯುಬ್ಬಿಸಿ ‘ನಮ್ಮನೆ ಆಟ’ ಅನ್ನುತ್ತಿದ್ದ. ನನಗೆ ಹಾಗೆ ಹೇಳುವ ಅವಕಾಶವೇ ಇರಲಿಲ್ಲ.

ಯಾಕೆಂದರೆ ನಾನು ಬಿಳಿ. ಅಪ್ಪನ ಪಕ್ಕದಲ್ಲಿ ಕೂತು ನೋಡಿ ನೋಡಿ ಆಟ ಕಲಿತ ಮೇಲೆ ಒಂದು ದಿನ ಅವನು ‘ಬಾ, ಆಡೋಣ’ ಎಂದು ಕರೆದ. ನಾನು ಓಡಿ ಹೋಗಿ ಅಡುಗೆಮನೆ ಕಡೆ ಕೂತೆ.

“ಅಲ್ಲಲ್ಲ ಗಿರಿಜಾ, ಆ ಕಡೆ ಕೂತ್ಕೊ. ನಿಂಗೆ ಬಿಳಿ.”

“ಯಾಕಪ್ಪ? ನಾನೇನು ನೆಂಟರಾ?”

“ಹೆಣ್ಮಗಳಲ್ವೇನಮ್ಮ. ನಾಳೆ ಇನ್ನೊಂದು ಮನೆಗೆ ಹೋಗೋಳು. ಇಲ್ಲಿ ಇರೋಷ್ಟು ದಿನ ನಿಂಗೆ ಬಿಳೀನೇ.”

ಅದನ್ನು ಅವನು ಬೆಲ್ಲ ಕೊಡುವ ಹಾಗೆ ಹೇಳಿದ. ನನಗೆ ಬಾಗಿಲು ತೋರಿಸಿದ ಹಾಗೆ ಆಯಿತು. ಹೋಗಿ ಬೀದಿ ಕಡೆ ಕೂತೆ. ಬೆನ್ನಿಗೆ ಬೀದಿಯ ಗಾಳಿ, ಸೈಕಲ್ ಬೆಲ್ಲು, ಯಾರೋ ದೇವಸ್ಥಾನಕ್ಕೆ ಹೋಗುವವರ ಮಾತು. ಎದುರಿಗೆ ಅಪ್ಪ. ಅವನ ಬೆನ್ನ ಹಿಂದೆ ಅಮ್ಮನ ಒಲೆ, ಒಗ್ಗರಣೆಯ ವಾಸನೆ, ಬಳೆಯ ಸದ್ದು, ನಾನು ಹುಟ್ಟಿದ ಮನೆ ಪೂರ್ತಿ. ನಾನು ಅದನ್ನೆಲ್ಲ ಎದುರು ಕೂತು ನೋಡಬೇಕು, ಸಿನಿಮಾ ನೋಡುವವರ ಹಾಗೆ. ನನಗೆ ಬೇಕಾಗಿದ್ದದ್ದು ಒಂದೇ. ಒಲೆಗೆ ಬೆನ್ನು ಕೊಟ್ಟು ಕೂತು ಆ ಕೆಟ್ಟ ಕಾಲಾಳನ್ನು ನನ್ನ ಬೆರಳಿನಿಂದ ಒಂದು ಮನೆ ಮುಂದಕ್ಕೆ ತಳ್ಳಬೇಕು. ಆಮೇಲೆ ಅಪ್ಪನ ಹಾಗೆ, ರಮೇಶನ ಹಾಗೆ, ಚೆನ್ನಾಗಿ ಸೋಲಬೇಕು. ಬಿಳಿ ಹಿಡಿದು ಗೆದ್ದ ದಿನಗಳಲ್ಲೆಲ್ಲ ನಾನು ಅಡುಗೆಮನೆಗೆ ಹೋಗಿ ಅತ್ತದ್ದುಂಟು. ಅಮ್ಮನಿಗೆ ಇದು ಅರ್ಥವೇ ಆಗುತ್ತಿರಲಿಲ್ಲ, ಅಥವಾ ಬೇಕಾದ್ದಕ್ಕಿಂತ ಹೆಚ್ಚು ಅರ್ಥವಾಗುತ್ತಿತ್ತು.

“ಬಿಳಿ ಕೊಟ್ರೆ ಅಳೋರನ್ನ ಇವತ್ತೇ ನೋಡಿದ್ದು ನಾನು. ನಂಗೆ ಈ ಮನೇಲಿ ಯಾವ ಬಣ್ಣಾನೂ ಕೊಡ್ಲಿಲ್ಲ ನಿಮ್ಮಪ್ಪ. ಬೇಕಾದ್ರೆ ಈ ನೆಲ ನೋಡು. ಏಳು, ಸೊಪ್ಪು ಬಿಡಿಸು.”

ಹೀಗೇ ಇರುವಾಗ ಒಂದು ಸಂಕ್ರಾಂತಿ ಬಂತು. ಆ ಸಂಜೆ ಗವಿ ಗಂಗಾಧರೇಶ್ವರನ ಗುಹೆಯೊಳಗೆ ಸೂರ್ಯನ ಬಿಸಿಲು ಹೋಗಿ ಲಿಂಗದ ಮೇಲೆ ಬೀಳುತ್ತದೆ, ಅದನ್ನು ನೋಡಲು ಊರಿಗೆ ಊರೇ ನಮ್ಮ ಬೀದಿಯಲ್ಲಿ ನಿಂತಿರುತ್ತದೆ. ಅಪ್ಪ ರಮೇಶನನ್ನು ಹೆಗಲ ಮೇಲೆ ಕೂರಿಸಿಕೊಂಡು ಕ್ಯೂಗೆ ಹೋದ. ಅಮ್ಮ ಎಳ್ಳು ಬೆಲ್ಲದ ತಟ್ಟೆ ಹಿಡಿದು ಅಕ್ಕಪಕ್ಕದ ಮನೆಗಳಿಗೆ ಹೊರಟಳು. ಮೇಷ್ಟ್ರು ಬರುತ್ತೇನೆಂದು ಹೇಳಿದ್ದರು, ಅವರಿಗೆ ಎಳ್ಳು ಕೊಟ್ಟು ಆಮೇಲೆ ಬಾ ಎಂದು ನನ್ನನ್ನು ಮನೆಯಲ್ಲಿ ಬಿಟ್ಟರು. ಹೊಸ ಲಂಗ ಉಟ್ಟುಕೊಂಡು ನಾನು ಒಬ್ಬಳೇ ಮಣೆಯ ಪಕ್ಕ ಕೂತಿದ್ದೆ. ಆ ಜನಸಂದಣಿಯಲ್ಲಿ ನುಗ್ಗಿಕೊಂಡು ಮೇಷ್ಟ್ರು ಬಂದರು, ಛತ್ರಿಯ ಒಂದು ಕಡ್ಡಿ ಮುರಿದುಕೊಂಡು.

“ಮೇಸ್ತ್ರಿ ಇಲ್ವಾ ಮರಿ?”

“ದೇವಸ್ಥಾನಕ್ಕೆ ಹೋಗಿದಾರೆ, ಬರ್ತಾರೆ. ಅಲ್ಲೀವರೆಗೂ ನಾನು ಆಡ್ಲಾ ಮೇಷ್ಟ್ರೇ?”

ಅವರು ಎಳ್ಳು ಬಾಯಿಗೆ ಹಾಕಿಕೊಂಡು, ತಮ್ಮ ಮಾಮೂಲಿನ ಜಾಗದಲ್ಲಿ ಬೀದಿಗೆ ಬೆನ್ನು ಮಾಡಿ ಕೂತರು. ಉಳಿದದ್ದು ಒಂದೇ ಜಾಗ. ನಾನು ಅಲ್ಲಿ ಕೂತೆ. ಮಧ್ಯಾಹ್ನದ ಪೊಂಗಲ್ಲಿನ ಒಲೆ ಇನ್ನೂ ಆರಿರಲಿಲ್ಲ, ಬೆನ್ನಿಗೆ ಬೆಚ್ಚಗೆ ತಾಗುತ್ತಿತ್ತು. ಆ ಕಡೆಯಿಂದ ನಮ್ಮ ಬೀದಿ ಅಷ್ಟು ಚೆನ್ನಾಗಿ ಕಾಣುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಬಾಗಿಲ ಚೌಕಟ್ಟಿನೊಳಗೆ ಜನ ಹೋಗುತ್ತಿದ್ದರು, ಬರುತ್ತಿದ್ದರು. ಅವರೆಲ್ಲ ಹೊರಗಿನವರು, ನಾನು ಒಳಗಿನವಳು. ಮೇಷ್ಟ್ರು ರಾಜನ ಮುಂದಿನ ಕಾಲಾಳನ್ನು ನಡೆಸಿದರು. ನಾನೂ ನಡೆಸಿದೆ. ಅವರ ಕುದುರೆ ಬಂತು. ಒಂಟೆಯ ಮುಂದಿನ ಕಾಲಾಳನ್ನು ನಾನು ಒಂದು ಮನೆ ತಳ್ಳಿದೆ, ತಳ್ಳಿದ ಮೇಲೂ ಬೆರಳು ತೆಗೆಯಲು ಮನಸ್ಸಾಗದೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದೆ.

“ನೀನೂನಾ?”

“ನಮ್ಮನೆ ಆಟ ಮೇಷ್ಟ್ರೇ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ, ಅಪ್ಪನ ಎದುರು ಇಷ್ಟು ವರ್ಷ ಒಮ್ಮೆಯೂ ಮಾಡದ ಕೆಲಸ ಮಾಡಿದರು. ಕುದುರೆಯನ್ನು ಎತ್ತಿ, ನಾನು ಕಾವಲು ಕೊಟ್ಟಿದ್ದ ಆ ರಾಜನ ಮುಂದಿನ ಕಾಲಾಳನ್ನೇ ಹೊಡೆದುಬಿಟ್ಟರು. ನನಗೆ ನಗು ಬಂತು, ಅಷ್ಟು ದೊಡ್ಡವರು ಒಂದು ಕಾಲಾಳಿಗೋಸ್ಕರ ಕುದುರೆಯನ್ನೇ ಬಿಟ್ಟುಕೊಟ್ಟರಲ್ಲ ಎಂದು. ಸಂತೋಷವಾಗಿ ಆ ಕುದುರೆಯನ್ನು ಹೊಡೆದೆ. ಆಗ ಅವರ ಮಂತ್ರಿ ಓರೆಯಲ್ಲಿ ಸರ್ರನೆ ಮಣೆಯ ಅಂಚಿಗೆ ಬಂದು ನಿಂತಿತು. ಚೆಕ್. ನಾವು ಕೆಡವಿಕೊಂಡಿದ್ದ ಗೋಡೆಯ ಸಂದಿಯಿಂದಲೇ. ಆಮೇಲೆ ನನ್ನ ರಾಜ ಮನೆ ಬಿಟ್ಟು ಹೊರಬಿದ್ದ. ಒಂದಾದ ಮೇಲೊಂದು ಚೆಕ್ ತಿನ್ನುತ್ತಾ ಮಣೆಯ ನಡುವಿನವರೆಗೆ ನಡೆದುಕೊಂಡು ಹೋಗಿ, ತನ್ನವರು ಯಾರೂ ಇಲ್ಲದ ಕಡೆ ಸತ್ತ. ಎಳ್ಳು ಬಾಯಲ್ಲಿ ಕರಗುವುದರೊಳಗೆ ಎಲ್ಲಾ ಮುಗಿದಿತ್ತು.

“ಅಪ್ಪನ ಹತ್ರ ಯಾಕೆ ಹಿಂಗೆ ಆಡಲ್ಲ ನೀವು?” ಅಳು ತಡೆದುಕೊಂಡು ಕೇಳಿದೆ.

“ಬೇಗ ಮುಗಿದ್ರೆ ಬೇಗ ಏಳ್ಬೇಕಲ್ಲ ಮರಿ. ಎದ್ದು ಎಲ್ಲಿಗೆ ಹೋಗ್ಲಿ?”

“ಮತ್ತೆ ನನ್ನ ಹತ್ರ ಆಡಿದ್ರಿ?”

“ನೀನಿನ್ನೂ ಚಿಕ್ಕೋಳು. ಆ ನಡೆ ಬಿಟ್ಟುಬಿಡು. ನಿಮ್ಮಪ್ಪ ಬಿಡಲ್ಲ, ನಿಂಗಾದ್ರೂ ಒಳ್ಳೇ ಆಟ ಬರ್ಲಿ.”

ತಲೆಯೆತ್ತಿದರೆ ಬಾಗಿಲಲ್ಲಿ ಅಪ್ಪ, ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ರಮೇಶ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ನಾನು ಮುಳ್ಳು ಚುಚ್ಚಿದವಳ ಹಾಗೆ ಆ ಜಾಗದಿಂದ ಎದ್ದೆ.

“ಕೂತ್ಕೊ ಕೂತ್ಕೊ. ಕಾಯಿ ಜೋಡಿಸಿ ಏಳು.”

ಮೇಷ್ಟ್ರು ಹೋದ ಮೇಲೆ ಅಪ್ಪ ನನ್ನ ಪಕ್ಕದಲ್ಲಿ, ಅಡುಗೆಮನೆ ಕಡೆ, ಕುಕ್ಕರಗಾಲಿನಲ್ಲಿ ಕೂತ. ಮೇಷ್ಟ್ರ ಕುದುರೆ ನಮ್ಮ ಕಾಲಾಳನ್ನು ಹೊಡೆದ ಜಾಗದವರೆಗೆ ಆಟವನ್ನು ಮತ್ತೆ ಇಟ್ಟ.

“ಈ ಕುದುರೇನ ಯಾಕೆ ತಗೊಂಡೆ?”

“ಸುಮ್ನೆ ಸಿಗ್ತಿತ್ತಲ್ಲಪ್ಪ.”

“ಬಂದೋರು ಏನಾದ್ರೂ ಕೊಟ್ಟ ತಕ್ಷಣ ಕೈ ಚಾಚ್ಬಾರ್ದು. ಮಂತ್ರೀನ ಒಂದೇ ಮನೆ, ರಾಜನ ಮುಂದೆ ತಂದು ನಿಲ್ಸು. ಈಗ ಕುದುರೆ ತಾನಾಗೇ ವಾಪಸ್ ಹೋಗ್ಬೇಕು. ನಮ್ಮ ಕಾಲಾಳಿನ ಬದಲು ಅವರ ಕಾಲಾಳು ನಮಗೆ ಸಿಗತ್ತೆ.”

“ಹಂಗಾಡಿದ್ರೆ ಗೆಲ್ತೀವಾ?”

“ಗೆಲ್ಲೋದು ಕಷ್ಟ. ಉಳ್ಕೋತೀವಿ. ಒಂಟೆಗೆ ದಾರಿ ಮುಚ್ಚತ್ತೆ, ಎಲ್ಲಾ ಇಕ್ಕಟ್ಟು. ಇಕ್ಕಟ್ಟಲ್ಲಿ ಇರೋದು ನಮಗೇನು ಹೊಸದಾ?”

ಹಾಗಾದರೆ ಅವನಿಗೆ ಎಲ್ಲಾ ಗೊತ್ತಿತ್ತು. ನಡೆ ಕೆಟ್ಟದ್ದೆಂದೂ ಗೊತ್ತಿತ್ತು, ಅದರಲ್ಲಿ ಬದುಕಿಕೊಳ್ಳುವುದು ಹೇಗೆಂದೂ ಗೊತ್ತಿತ್ತು. ಆ ಸಂಜೆ ನಾವಿಬ್ಬರೂ ಒಂದೇ ಕಡೆ, ಒಲೆಗೆ ಬೆನ್ನು ಕೊಟ್ಟು, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದೆವು. ಅವನ ಉಗುರಿನ ಕೆಂಪು ಹಬ್ಬದ ಎಣ್ಣೆ ಸ್ನಾನಕ್ಕೂ ಹೋಗಿರಲಿಲ್ಲ. ನನ್ನ ಬಾಲ್ಯದ ಒಂದು ಗಂಟೆಯನ್ನು ವಾಪಸ್ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ನಾನು ಕೇಳುವುದು ಅದನ್ನೇ.

ಇನ್ನು ಆ ಜಾಗ ನನ್ನದಾಯಿತು ಎಂದುಕೊಂಡೆ. ಮುಂದಿನ ಸಲ ಅಪ್ಪ ಡಬ್ಬಿ ತೆಗೆದಾಗ ಧೈರ್ಯವಾಗಿ ಹೋಗಿ ಅಡುಗೆಮನೆ ಕಡೆ ಕೂತೆ.

“ಗಿರಿಜಾ, ಆ ಕಡೆ.”

ಕೋಪವಿರಲಿಲ್ಲ ಅವನ ದನಿಯಲ್ಲಿ. ಚಪ್ಪಲಿ ತಪ್ಪಾಗಿ ಮೆಟ್ಟಿದ ಮಗುವಿಗೆ ಹೇಳುವ ಹಾಗೆ ಹೇಳಿದ. ನಾನು ಎದ್ದು ಒಳಗೆ ಹೋದೆ, ಆಮೇಲೆ ಬಹಳ ದಿನ ಆ ಮಣೆಯ ಹತ್ತಿರ ಸುಳಿಯಲಿಲ್ಲ. ಮನೆಯಲ್ಲಿ ಊಟ, ನಲ್ಲಿ ನೀರಿನ ಜಗಳ, ರಮೇಶನ ಕಿರುಚಾಟ ಎಲ್ಲಾ ಇತ್ತು. ಅಪ್ಪನಿಗೂ ನನಗೂ ಮಾತ್ರ ಮಾತಿರಲಿಲ್ಲ. ಊಟವಾದ ಮೇಲೆ ಅವನು ಎರಡೂ ಕಡೆಯ ಕಾಯಿ ಜೋಡಿಸಿ, ಬಿಳಿಯ ಎದುರು ಒಬ್ಬನೇ ಕೂತಿರುತ್ತಿದ್ದ. ನಾನು ಪುಸ್ತಕ ಹಿಡಿದು ಅವನನ್ನು ದಾಟಿಕೊಂಡು ನಡುಮನೆಗೆ ಹೋಗುತ್ತಿದ್ದೆ. ಕೊನೆಗೆ ಒಂದು ದಿನ ನನ್ನ ಕಾಲೇ ನಿಂತಿತು. ಬೀದಿ ಕಡೆ ಹೋಗಿ ಕೂತು ರಾಜನ ಮುಂದಿನ ಕಾಲಾಳನ್ನು ನಡೆಸಿದೆ. ಅಪ್ಪ ತನ್ನದನ್ನು ನಡೆಸಿದ. ಕುದುರೆ ಬಿಟ್ಟೆ, ಅವನು ಅದೇ ಕಾಲಾಳನ್ನು ತಳ್ಳಿದ. ನಾನೀಗ ಮೇಷ್ಟ್ರ ಹಾಗೆ ಕುದುರೆಯಿಂದ ಹೊಡೆಯಬಹುದಿತ್ತು, ಹೊಡೆಯಲಿಲ್ಲ. ಮದುವೆಯಾಗಿ ಮಲ್ಲೇಶ್ವರಕ್ಕೆ ಹೋಗುವವರೆಗೂ, ಆಮೇಲೆ ಗೌರಿ ಹಬ್ಬಕ್ಕೆಂದು ಬಂದು ಹೋಗುವಾಗಲೂ ಹಾಗೆ ಹೊಡೆಯಲಿಲ್ಲ. ಆ ಹೊತ್ತಿಗೆ ನಾನು ನಿಜವಾಗಿಯೂ ಬಂದು ಹೋಗುವವಳಾಗಿದ್ದೆ. ಪ್ರತಿ ಸಲ ಬಿಳಿ ಕಾಯಿಗಳು ಬೀದಿ ಕಡೆ ಸಾಲಾಗಿ ನಿಂತು ಕಾಯುತ್ತಿದ್ದವು.

ಅಪ್ಪ ಕೊಟ್ಟದ್ದು ಏನೆಂದು ತಿಳಿಯಲು ನನಗೆ ಅರ್ಧ ಆಯುಷ್ಯ ಬೇಕಾಯಿತು. ತನ್ನ ಕೈಯಿಂದ ಆದ ನೆಲದ ಮೇಲೆ ತಾನೇ ಕಾಲಿಡದೆ ಜಗಲಿಯಲ್ಲಿ ಕೂತವನು ಅವನು. ತನ್ನ ಮನೆಗೆ ಬಂದವರನ್ನು ಮಾತ್ರ ಒಳಗೆ ಕೂರಿಸಿ, ಗಾಳಿ ಬರುವ ಕಡೆ ಕೂರಿಸಿ, ಮೊದಲ ನಡೆ ಅವರಿಗೇ ಕೊಡಬೇಕು ಎಂದುಕೊಂಡವನು. ಅವನ ಹತ್ತಿರ ಇದ್ದದ್ದರಲ್ಲಿ ಎಲ್ಲಕ್ಕಿಂತ ಮೇಲಿನದ್ದು ಆ ಬಿಳಿ. ಅದನ್ನು ಅವನು ಮೇಷ್ಟ್ರಿಗೆ ಕೊಟ್ಟ, ನನಗೆ ಕೊಟ್ಟ. ಇದೆಲ್ಲ ಈಗ ಬುದ್ಧಿಗೆ ತಿಳಿಯುತ್ತದೆ. ಆದರೂ ಬೀದಿಗೆ ಬೆನ್ನು ಕೊಟ್ಟು ಕೂತ ಆ ಹುಡುಗಿಗೆ ಅಡುಗೆಮನೆಯ ಕಡೆಯದೇ ಆಸೆ, ಅವಳನ್ನು ಇವತ್ತಿಗೂ ಸಮಾಧಾನ ಮಾಡಲು ನನಗೆ ಆಗಿಲ್ಲ.

ಮೊದಲು ಮೇಷ್ಟ್ರು ಹೋದರು, ಆಮೇಲೆ ಅಮ್ಮ. ರಮೇಶನಿಗೆ ಮೂರು ಮಕ್ಕಳಾಗಿ ಮನೆ ಸಾಲದೆ, ಹಳೆಯದನ್ನು ಕೆಡವಿ ಮೇಲೆ ಮೇಲೆ ಕಟ್ಟಿಸುವುದೆಂದು ಆಯಿತು. ಅದರಲ್ಲಿ ಅವನ ತಪ್ಪೇನಿಲ್ಲ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಮನೆ ಆಗುವವರೆಗೆ ಅಪ್ಪ ಮಲ್ಲೇಶ್ವರದ ನಮ್ಮ ಫ್ಲಾಟಿಗೆ ಬಂದ, ಒಂದು ಬಟ್ಟೆಯ ಬ್ಯಾಗು ಮತ್ತು ಆ ತಗಡಿನ ಡಬ್ಬಿ ಹಿಡಿದುಕೊಂಡು. ಮುಂದಿನ ಕೋಣೆಯ ನೆಲ ಒಡೆಯುವ ದಿನ ಒಮ್ಮೆ ಹೋಗಿ ನೋಡುತ್ತೀಯಾ ಎಂದು ಕೇಳಿದೆ.

“ಹಾಕೋವಾಗ ನೋಡಿದೀನಲ್ಲಮ್ಮ, ಸಾಕು.”

ಹೊಸ ಮನೆಯ ಗೃಹಪ್ರವೇಶಕ್ಕೆ ಅಪ್ಪ ಇರಲಿಲ್ಲ. ಅವನ ಕೊನೆಯ ಆ ಕೆಲವು ತಿಂಗಳು ನನ್ನ ಮನೆಯಲ್ಲಿ ಕಳೆದವು. ಸೋಫಾದ ತುದಿಯಲ್ಲಿ ಕೂರುತ್ತಿದ್ದ. ಕಾಫಿ ಕುಡಿದ ಲೋಟವನ್ನು ತಾನೇ ತೊಳೆದಿಡುತ್ತಿದ್ದ. ‘ಫ್ಯಾನ್ ಹಾಕ್ಲಾಮ್ಮ?’ ಎಂದು ಪ್ರತಿ ಸಲ ಕೇಳುತ್ತಿದ್ದ. ‘ಇದು ನಿಮ್ಮನೇನೇ ಮಾವ’ ಎಂದು ನಮ್ಮ ಯಜಮಾನರು ಹೇಳಿದರೆ ‘ಹೌದಪ್ಪ ಹೌದು’ ಎಂದು ಇನ್ನಷ್ಟು ತುದಿಗೆ ಸರಿಯುತ್ತಿದ್ದ. ಒಂದು ದಿನ ಬಗ್ಗಿ ನಮ್ಮ ಟೈಲ್ಸ್ ನೆಲವನ್ನು ಅಂಗೈಯಲ್ಲಿ ಸವರಿ ನೋಡಿದ. ‘ಚೆನ್ನಾಗಿದೆ, ಅಂಗಡೀದು’ ಅಂದ.

ಒಂದು ಸಂಜೆ ನಾನೇ ಕೇಳಿದೆ.

“ಅಪ್ಪ, ಆಡೋಣ್ವಾ?”

ನನ್ನ ಮಗಳು ಚಿಕ್ಕಂದಿನಲ್ಲಿ ಆಡುತ್ತಿದ್ದ ಮಡಚುವ ರಟ್ಟಿನ ಮಣೆಯನ್ನು ಹಾಲ್‌ನಲ್ಲಿ ನೆಲದ ಮೇಲೆ ಬಿಚ್ಚಿದೆ. ಆ ಮಣೆಯನ್ನು ಯಾವ ಕಡೆಗೆ ಬೇಕಾದರೂ ತಿರುಗಿಸಬಹುದು, ಎಲ್ಲಿ ಬೇಕಾದರೂ ಕೂರಬಹುದು. ಅಪ್ಪ ನಿಂತು ಒಮ್ಮೆ ಹೊರಬಾಗಿಲ ಕಡೆ ನೋಡಿದ, ಒಮ್ಮೆ ನನ್ನ ಅಡುಗೆಮನೆ ಕಡೆ ನೋಡಿದ. ಆಮೇಲೆ ನಾನು ಏನನ್ನೂ ಹೇಳುವ ಮೊದಲೇ, ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಬಗ್ಗಿ, ಹೊರಬಾಗಿಲಿಗೆ ಬೆನ್ನು ಮಾಡಿ ಕೂತ. ಬಿಳಿ ಕಾಯಿಗಳನ್ನು ತನ್ನ ಕಡೆ ಎಳೆದುಕೊಂಡು ಜೋಡಿಸತೊಡಗಿದ.

“ಅಪ್ಪ, ನೀನು ಈ ಕಡೆ ಬಾ. ನಿಂಗೆ ಕರಿ ಅಲ್ವಾ?”

“ನಿನ್ನ ಮನೆಯಲ್ವೇನಮ್ಮ. ಬಂದಿರೋನು ನಾನು.”

ನಾನು ಅಡುಗೆಮನೆಗೆ ಬೆನ್ನು ಕೊಟ್ಟು ಕೂತೆ. ಒಳಗೆ ಕಾಫಿಗೆ ಹಾಲು ಇಟ್ಟಿದ್ದೆ. ಒಂಬತ್ತು ಹತ್ತು ವರ್ಷದವಳಾಗಿದ್ದಾಗ ಅತ್ತು ಕರೆದು ಬೇಡಿದ ಜಾಗ ಯಾರೂ ಕೇಳದೆಯೇ ನನಗೆ ಬಂದಿತ್ತು. ಈ ಬೆಲೆಗೆ ಅದು ನನಗೆ ಬೇಡವಾಗಿತ್ತು. ಎದುರಿಗೆ ಅಪ್ಪ ಕಾಯಿ ಜೋಡಿಸಿ ಮುಗಿಸಿ, ಕೈಯನ್ನು ಅವುಗಳ ಮೇಲೆ ಆಡಿಸುತ್ತಾ ಕೂತಿದ್ದ. ಇಷ್ಟು ವರ್ಷ ಆಡಿದವನು ಒಂದು ಸಲವೂ ಮೊದಲ ನಡೆ ನಡೆಸಿರಲಿಲ್ಲ. ಕಲಿತದ್ದೂ ಕರಿ, ಆಡಿದ್ದೂ ಕರಿ. ಎದುರಿನವರು ಏನಾದರೂ ಮಾಡಿದ ಮೇಲೆಯೇ ಅವನ ಕೈ ಏಳುತ್ತಿತ್ತು.

“ಮೊದಲು ಯಾವುದಮ್ಮ ನಡೆಸ್ತಾರೆ?”

“ನಿಂಗೆ ಇಷ್ಟ ಬಂದಿದ್ದು ನಡ್ಸಪ್ಪ.”

ಅವನು ಬಹಳ ಹೊತ್ತು ನೋಡಿ, ನಾನು ಯಾವಾಗಲೂ ನಡೆಸುತ್ತಿದ್ದ ರಾಜನ ಮುಂದಿನ ಕಾಲಾಳನ್ನೇ ನಡೆಸಿದ. ನಾನೂ ನಡೆಸಿದೆ. ಕುದುರೆಯನ್ನು ಬಿಟ್ಟ. ನಾನು ಕೈ ಮುಂದೆ ಮಾಡಿ, ಒಂಟೆಯ ಮುಂದಿನ ಕಾಲಾಳನ್ನು ಒಂದು ಮನೆ ತಳ್ಳಿದೆ. ಅಪ್ಪ ಅದನ್ನು ನೋಡಿದ. ಅವನ ಮುಖದ ಒಂದೊಂದು ಗೆರೆಯೂ ನಕ್ಕಿತು.

“ಕೆಟ್ಟ ನಡೆ ಕಣಮ್ಮ ಅದು.”

“ಗೊತ್ತಪ್ಪ. ನಮ್ಮನೇದು.”

ಅವನ ಬೆರಳು ಕುದುರೆಯ ತಲೆಯ ಮೇಲೆ ಹೋಗಿ ಕೂತಿತು. ಉಗುರಿನ ಸಂದಿಯಲ್ಲಿ ಕೆಂಪು ಈಗ ಇರಲಿಲ್ಲ, ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಹೊಡೆಯುತ್ತಾನೆ, ಹೊಡೆಯಲಿ, ಮಂತ್ರಿಯನ್ನು ರಾಜನ ಮುಂದೆ ತಂದು ನಿಲ್ಲಿಸುತ್ತೇನೆ, ಅವನು ಕಲಿಸಿದ್ದು ಮರೆತಿಲ್ಲ ಎಂದು ತೋರಿಸುತ್ತೇನೆ ಎಂದುಕೊಂಡು ಕಾದೆ. ಅಪ್ಪ ಕುದುರೆಯಿಂದ ಬೆರಳು ತೆಗೆದ. ಆ ಕಡೆಯ ತುದಿಯಲ್ಲಿದ್ದ, ಯಾರಿಗೂ ಏನೂ ಮಾಡದ ಒಂದು ಸಣ್ಣ ಕಾಲಾಳನ್ನು ಒಂದು ಮನೆ ಮುಂದಿಟ್ಟ.

“ಹೊಡೀಬಹುದಿತ್ತಲ್ಲಪ್ಪ? ನಿಂಗೆ ಗೊತ್ತಲ್ಲ.”

“ಗೊತ್ತಮ್ಮ. ಬೇಗ ಮುಗಿದ್ರೆ ಬೇಗ ಏಳ್ಬೇಕಲ್ಲ.”

ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಸುರಿಯುವ ಸದ್ದು ಕೇಳಿಸಿತು. ನಾನು ಏಳಲಿಲ್ಲ.